ಪರದೆಯ ಬುಡದ ಎರಡು ಸಾಲು: ವನ್ಯಜೀವಿ ಸಾಕ್ಷ್ಯಚಿತ್ರಗಳ ಕ್ಯಾಪ್ಷನ್ ಹೇಗಿದೆ?

ವನ್ಯಜೀವಿ ಸಾಕ್ಷ್ಯಚಿತ್ರಗಳ ವಿಮರ್ಶೆ ಬರೆಯುವವರು ಕ್ಯಾಮೆರಾ ಹೊಗಳುತ್ತಾರೆ, ನಿರೂಪಕನ ದನಿ ಹೊಗಳುತ್ತಾರೆ. ಪರದೆಯ ಬುಡದಲ್ಲಿ ಬಂದು ಹೋಗುವ ಎರಡು ಸಾಲು ಬರಹದ ಗೊಡವೆಗೆ ಯಾರೂ ಹೋಗುವುದಿಲ್ಲ. ನಾನು ಚಂದಾ ಕಟ್ಟುವುದೇ ಆ ಎರಡು ಸಾಲಿಗಾಗಿ. ಹಾಗಾಗಿ ಚಿತ್ರವನ್ನು ಸ್ವಲ್ಪ ಪಕ್ಕಕ್ಕಿಟ್ಟು, ಕ್ಯಾಪ್ಷನ್ ಅನ್ನೋದನ್ನೇ ಕೊಂಡ ಸಾಮಾನು ಅಂದುಕೊಂಡು ಅದರ ಗುಣ ದೋಷ ಬರೆಯುತ್ತಿದ್ದೇನೆ.

ನನ್ನ ಕಿವಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಮೇಲಿನ ಸ್ವರಗಳಿಂದ ಶುರುವಾಗುತ್ತದೆ. ಜೀರುಂಡೆ ಮೊದಲು ಹೋಯಿತು, ಆಮೇಲೆ ಸಣ್ಣ ಹಕ್ಕಿಗಳು. ಗೂಬೆ ಇನ್ನೂ ಕೇಳುತ್ತದೆ. ಮಾತಿನಲ್ಲಿ ಸ, ಶ, ಫ ಎಲ್ಲ ಒಂದೇ ಗಾಳಿಯಾಗಿ ಹೋಗಿವೆ. ಹಿಯರಿಂಗ್ ಏಡ್ ಇದೆ. ಎದುರು ಕೂತು ಒಬ್ಬರು ಮಾತಾಡಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಿರೂಪಕ, ವಯಲಿನ್, ಗಾಳಿ, ನೀರು ಎಲ್ಲ ಒಟ್ಟಿಗೆ ಬಂದರೆ ಎಲ್ಲವನ್ನೂ ಒಟ್ಟಿಗೇ ದೊಡ್ಡದು ಮಾಡಿ ಕೊಡುತ್ತದೆ. ಅದಕ್ಕೇ ಕ್ಯಾಪ್ಷನ್. ಬದುಕಿಡೀ ಕರಡು ತಿದ್ದುವ ಕೆಲಸ ಮಾಡಿದವಳು ನಾನು. ಅಕ್ಷರ ಕಂಡ ಕಡೆ ಕಣ್ಣು ತಾನಾಗಿ ಹೋಗುತ್ತದೆ, ತಪ್ಪಿದ್ದರೆ ಕೈ ಕಡಿಯುತ್ತದೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸೋಣ. ಸಬ್‌ಟೈಟಲ್ ಬೇರೆ, ಕ್ಯಾಪ್ಷನ್ ಬೇರೆ. ಕಿವಿ ಕೇಳುತ್ತದೆ, ಭಾಷೆ ಬರುವುದಿಲ್ಲ ಅನ್ನುವವರಿಗೆ ಸಬ್‌ಟೈಟಲ್. ಅದರಲ್ಲಿ ಮಾತು ಮಾತ್ರ ಇರುತ್ತದೆ. ಕ್ಯಾಪ್ಷನ್‌ನಲ್ಲಿ ಮಾತಿನ ಜೊತೆ ಸದ್ದೂ ಬರುತ್ತದೆ. ಯಾರು ಕೂಗಿದರು, ಬಾಗಿಲು ಬಡಿಯಿತಾ, ಸಂಗೀತ ಎಂಥದ್ದು ಎಲ್ಲ ಬರೆದಿರುತ್ತದೆ. ಮೆನು ತೆರೆದರೆ ಒಂದೇ ಭಾಷೆಯ ಹೆಸರು ಎರಡು ಸಲ ಕಾಣುತ್ತದೆ, ಒಂದರ ಪಕ್ಕದಲ್ಲಿ ಸಿಸಿ ಅಂತಲೋ ಎಸ್‌ಡಿಎಚ್ ಅಂತಲೋ ಇರುತ್ತದೆ. ನಮಗೆ ಬೇಕಾದದ್ದು ಅದು. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯುವ ಈ ವ್ಯವಸ್ಥೆ ಅಮೆರಿಕದ ಟೀವಿಯಲ್ಲಿ ಶುರುವಾದದ್ದು 1980ರ ಮಾರ್ಚ್‌ನಲ್ಲಿ. ಆಗ ಟೀವಿಗೆ ಬೇರೆ ಡಬ್ಬಿಯೊಂದನ್ನು ಜೋಡಿಸಬೇಕಿತ್ತು. ಇಂಟರ್‌ನೆಟ್ಟಿನಲ್ಲಿ ಸಿನಿಮಾ ನೋಡುವ ಕಾಲ ಬಂದಾಗ ಮತ್ತೆ ಹಳೇ ಕಥೆ, ಎಷ್ಟೋ ಚಿತ್ರಗಳಿಗೆ ಕ್ಯಾಪ್ಷನ್ ಇಲ್ಲ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಕೋರ್ಟಿಗೆ ಹೋಯಿತು. 2012ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ರಾಜಿಯಾಗಿ, 2014ರ ಹೊತ್ತಿಗೆ ಅಲ್ಲಿ ತೋರಿಸುವ ಎಲ್ಲದಕ್ಕೂ ಕ್ಯಾಪ್ಷನ್ ಇರಬೇಕು ಎಂದಾಯಿತು. ನಾನೀಗ ಒಂದು ಗುಂಡಿ ಒತ್ತಿ ನೋಡುತ್ತಿರುವುದರ ಹಿಂದೆ ಯಾರದೋ ಜಗಳ ಇದೆ.

ಇನ್ನು ವಿಷಯಕ್ಕೆ ಬರೋಣ. ವನ್ಯಜೀವಿ ಚಿತ್ರಕ್ಕೆ ಕ್ಯಾಪ್ಷನ್ ಹಾಕಿ ನೋಡಿದರೆ ಆಗುವ ದೊಡ್ಡ ಲಾಭ, ಅದು ಚಿತ್ರ ಮಾಡಿದವರ ಗುಟ್ಟು ಬಿಟ್ಟುಕೊಡುತ್ತದೆ.

ಒಂದು ಬೇಟೆ ದೃಶ್ಯ ಅಂದುಕೊಳ್ಳಿ. ಜಿಂಕೆ ಮೇಯುತ್ತಿದೆ. ಕೆಳಗೆ [ಮೃದುವಾದ ಸಂಗೀತ] ಎಂದು ಬರುತ್ತದೆ. ಹುಲ್ಲಿನ ನಡುವೆ ಚೀತಾ ತಲೆ ಎತ್ತುತ್ತದೆ, [ಆತಂಕದ ಸಂಗೀತ]. ಓಟ ಶುರುವಾಗುತ್ತದೆ, [ಸಂಗೀತ ಬಿರುಸಾಗುತ್ತದೆ]. ಜಿಂಕೆ ತಪ್ಪಿಸಿಕೊಂಡಿತು, [ಗೆಲುವಿನ ಸಂಗೀತ]. ಈಗ ಇದೇ ದೃಶ್ಯವನ್ನು ಹಸಿದ ಮೂರು ಚೀತಾ ಮರಿಗಳಿಂದ ಶುರುಮಾಡಿ. ಅದೇ ಓಟ, ಅದೇ ಹುಲ್ಲು, ಅದೇ ಜಿಂಕೆ. ಕೊನೆಯಲ್ಲಿ ಬರುವುದು [ವಿಷಾದದ ಸಂಗೀತ]. ಜಿಂಕೆ ಬದುಕಿದ್ದಕ್ಕೆ ವಿಷಾದ! ಕಿವಿ ಚೆನ್ನಾಗಿರುವವರಿಗೆ ಈ ಸಂಗೀತ ಸಾರಿನೊಳಗಿನ ಉಪ್ಪು, ಗೊತ್ತಾಗದೆ ಒಳಗೆ ಹೋಗುತ್ತದೆ. ನನಗೆ ಅಡುಗೆಯವನು ಒಳಗಿನಿಂದ ‘ಈಗ ಉಪ್ಪು ಹಾಕಿದೆ’ ಎಂದು ಕೂಗಿ ಹೇಳುತ್ತಾನೆ.

ಇದರಿಂದ ಮನೆಯಲ್ಲಿ ಸಣ್ಣ ತಮಾಷೆಗಳೂ ಆಗುತ್ತವೆ. ಕಡಿದಾದ ಬಂಡೆಯ ಮೇಲೆ ಕಾಡುಮೇಕೆಯ ಮರಿ, ಹಿಂದೆ ನರಿ. ನನ್ನ ಮಗ ದಿಂಬು ಹಿಡಿದುಕೊಂಡು ಮುಂದಕ್ಕೆ ಬಾಗಿದ್ದಾನೆ. ನಾನು ನಗುತ್ತಿದ್ದೇನೆ.

“ಏನಮ್ಮಾ, ಅದು ಸಾಯೋ ಹಾಗಿದೆ, ನೀನು ನಗ್ತಾ ಇದೀಯಲ್ಲ?”

“ಸಾಯಲ್ಲ ಕಣೋ. ಕೆಳಗೆ ಓದು, ಸಂಗೀತ ಹಗುರಾಗ್ತಾ ಇದೆ ಅಂತ ಬಂತು.”

ಮರಿ ಬಚಾವಾಯಿತು. ಅವನಿಗೆ ಮಜಾ ಕೆಟ್ಟಿತು. ಅಂದಿನಿಂದ ಅವನು ಕ್ಯಾಪ್ಷನ್ ಕಂಡರೆ ಸಿಡುಕುತ್ತಾನೆ.

ಪ್ಲಾನೆಟ್ ಅರ್ಥ್ ಸರಣಿಯ ಎರಡನೇ ಭಾಗ 2016ರಲ್ಲಿ ಬಂತಲ್ಲ, ಅದರ ಮೊದಲ ಕಂತಿನಲ್ಲಿ ಬರುವ, ಉಡದಂಥ ಇಗ್ವಾನಾದ ದೃಶ್ಯ ಬಹಳ ಜನ ನೋಡಿರುತ್ತೀರಿ. ಗಲಾಪಗಸ್ ದ್ವೀಪಗಳಲ್ಲಿ ಒಂದಾದ ಫರ್ನಾಂಡಿನಾ. ಮರಳಿನಿಂದ ಆಗಷ್ಟೇ ಮೇಲೆ ಬಂದ ಸಮುದ್ರ ಇಗ್ವಾನಾ ಮರಿ. ಬಂಡೆ ಸಂದಿಗಳಿಂದ ಒಂದರ ಹಿಂದೆ ಒಂದು ಹಾವು. ನೋಡುವವರ ಉಸಿರು ನಿಂತಿತು. ಆಮೇಲೆ ಆ ಕಂತಿನ ನಿರ್ಮಾಪಕಿಯೇ ಹೇಳಿದರು, ಅದು ಒಂದೇ ಮರಿಯ ಓಟವಲ್ಲ, ಬೇರೆ ಬೇರೆ ಮರಿಗಳ ದೃಶ್ಯಗಳನ್ನು ಜೋಡಿಸಿದ್ದು ಎಂದು. ಹಾವೂ ನಿಜ, ಮರಿಯೂ ನಿಜ, ಓಡಿದ್ದೂ ನಿಜ. ಅಷ್ಟನ್ನೂ ಒಂದೇ ಮರಿಯ ಕಥೆಯಾಗಿ ಹೊಲಿದದ್ದು ಸಂಕಲನ ಮತ್ತು ಸಂಗೀತ. ನೀವು ಮತ್ತೊಮ್ಮೆ ನೋಡುವುದಾದರೆ ದನಿ ಪೂರ್ತಿ ಮುಚ್ಚಿ, ಕ್ಯಾಪ್ಷನ್ ಹಾಕಿಕೊಂಡು ನೋಡಿ. ಹೊಲಿಗೆ ಕಣ್ಣಿಗೆ ಬೀಳುತ್ತದೆ. ಆಮೇಲೂ ದೃಶ್ಯ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಅದು ಒಳ್ಳೇ ಕೆಲಸ ಎಂದು ನನ್ನ ಲೆಕ್ಕ.

ಇದಕ್ಕಿಂತ ಚಂದದ ಉದಾಹರಣೆ ಪೆಂಗ್ವಿನ್‌ಗಳದ್ದು. ಲೂಕ್ ಜಾಕೆ 2005ರಲ್ಲಿ ಮಾಡಿದ, ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್‌ಗಳ ಫ್ರೆಂಚ್ ಚಿತ್ರ. ಮೂಲದಲ್ಲಿ ಪೆಂಗ್ವಿನ್‌ಗಳೇ ಮಾತಾಡುತ್ತವೆ. ಅಪ್ಪನಿಗೊಬ್ಬ ನಟ, ಅಮ್ಮನಿಗೊಬ್ಬಳು ನಟಿ, ಮರಿಗೆ ಒಬ್ಬ ಹುಡುಗ. ಸಂಗೀತ ಎಮಿಲಿ ಸಿಮೋನ್ ಅವರದ್ದು, ಎಲೆಕ್ಟ್ರಾನಿಕ್ ಸದ್ದು, ಹಾಡುಗಳೂ ಇವೆ. ಅಮೆರಿಕಕ್ಕೆ ಹೋಗುವಾಗ ಈ ಮಾತನ್ನೆಲ್ಲ ಕಿತ್ತು ಹಾಕಿ ಮಾರ್ಗನ್ ಫ್ರೀಮನ್ ಅವರ ನಿರೂಪಣೆ ಹಾಕಿದರು. ಸಂಗೀತವೂ ಬೇರೆಯವರದ್ದು. ಆ ರೂಪದಲ್ಲೇ ಅದು ಅಲ್ಲಿ ಮನೆಮಾತಾಯಿತು, ಮರುವರ್ಷ ಸಾಕ್ಷ್ಯಚಿತ್ರಗಳ ಆಸ್ಕರ್ ಕೂಡ ಬಂತು. ನನ್ನಂಥವಳು ಎರಡನ್ನೂ ಓದಿಕೊಂಡು ನೋಡಿದರೆ ಎರಡು ಬೇರೆ ಸಿನಿಮಾ. ಒಂದರಲ್ಲಿ ಹಕ್ಕಿ ‘ನಾನು’ ಅನ್ನುತ್ತದೆ. ಇನ್ನೊಂದರಲ್ಲಿ ಅನುಭವಸ್ಥ ಹಿರಿಯರೊಬ್ಬರು ‘ಅವು’ ಅನ್ನುತ್ತಾರೆ. ಚಳಿಗೆ ಒತ್ತಾಗಿ ನಿಂತ ಹಕ್ಕಿಗಳಿಗೆ ಇದು ಯಾವುದೂ ಗೊತ್ತಿಲ್ಲ. ನನಗೆ ಎರಡನೆಯದೇ ಇಷ್ಟ. ಪೆಂಗ್ವಿನ್ ಬಾಯಲ್ಲಿ ಪ್ರೇಮಕವಿತೆ ಕೇಳುವ ತಾಳ್ಮೆ ನನಗಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ ಗುಟ್ಟು ಇನ್ನೂ ಜಾಸ್ತಿ. ಕ್ಯಾಮೆರಾದ ಉದ್ದ ಲೆನ್ಸ್ ಎಷ್ಟೋ ದೂರದ ಸಿಂಹವನ್ನು ಮೂಗಿನ ಹತ್ತಿರ ತಂದು ನಿಲ್ಲಿಸುತ್ತದೆ. ಮೈಕಿಗೆ ಆ ವಿದ್ಯೆ ಬರುವುದಿಲ್ಲ. ದೂರದಿಂದ ತೆಗೆದ ಸಿಂಹದ ಹೆಜ್ಜೆಗೆ ಸದ್ದೇ ಇರುವುದಿಲ್ಲ. ಹೆಲಿಕಾಪ್ಟರ್‌ನಿಂದ ತೆಗೆದ ದೃಶ್ಯವಾದರೆ ಹೆಲಿಕಾಪ್ಟರ್ ಸದ್ದು ಬಿಟ್ಟು ಬೇರೇನೂ ಸಿಗುವುದಿಲ್ಲ. ನಿಧಾನಗತಿಯ ದೃಶ್ಯದ ಕಥೆ ಇನ್ನೂ ವಿಚಿತ್ರ. ಸೆಕೆಂಡಿಗೆ 1000 ಚೌಕಟ್ಟು ತೆಗೆದು, 25ರ ಲೆಕ್ಕದಲ್ಲಿ ತೋರಿಸಿದರೆ ಒಂದು ಸೆಕೆಂಡು 40 ಸೆಕೆಂಡಾಗಿ ಹಿಗ್ಗುತ್ತದೆ. ಸದ್ದನ್ನು ಹಾಗೆ ಹಿಗ್ಗಿಸಿದರೆ ಏನೂ ಅರ್ಥವಾಗದ ಗೊರಕೆ ಆಗುತ್ತದೆ. ಹಾಗಾದರೆ ಮೀನು ಹಿಡಿಯಲು ನೀರಿಗೆ ಬೀಳುವ ಹಕ್ಕಿಯ ಆ ಸೊಗಸಾದ ‘ಛಳ್’ ಎಲ್ಲಿಂದ ಬಂತು?

ಸ್ಟುಡಿಯೋದಿಂದ. ಇದಕ್ಕೆ ಫೋಲಿ ಅನ್ನುತ್ತಾರೆ, ಹಾಲಿವುಡ್‌ನ ಜ್ಯಾಕ್ ಫೋಲಿ ಎಂಬವರ ಹೆಸರು. ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ. ಕೈಗವಸು ಬಡಿದರೆ ಹಕ್ಕಿಯ ರೆಕ್ಕೆ. ಸೆಲರಿ ದಂಟು ಮುರಿದರೆ ಮೂಳೆ. ಇಷ್ಟು ಗೊತ್ತಾದ ಮೇಲೆ [ಹಿಮದ ಮೇಲೆ ಹೆಜ್ಜೆ ಕಿರುಗುಟ್ಟುತ್ತದೆ] ಎಂದು ಕೆಳಗೆ ಬಂದಾಗ ನನಗೆ ಹಿಮಕರಡಿ ಕಾಣುವುದಿಲ್ಲ, ಕಾರ್ನ್‌ಫ್ಲೋರ್ ಹಿಸುಕುತ್ತಿರುವ ಯಾರದೋ ಕೈ ಕಾಣುತ್ತದೆ.

ಎಲ್ಲವೂ ಹಾಗಲ್ಲ ಅನ್ನುವುದನ್ನೂ ಹೇಳಬೇಕು. ಕ್ರಿಸ್ ವಾಟ್ಸನ್ ಎಂಬ ಬ್ರಿಟಿಷ್ ಧ್ವನಿಗ್ರಾಹಕರಿದ್ದಾರೆ, ಮೊದಲು ಸಂಗೀತ ತಂಡವೊಂದರಲ್ಲಿದ್ದವರು. ಸತ್ತ ಪ್ರಾಣಿಯ ಪಕ್ಕೆಲುಬುಗಳ ನಡುವೆ ಮೈಕ್ ಇಟ್ಟು, ರಣಹದ್ದುಗಳು ಕಿತ್ತು ತಿನ್ನುವ ಸದ್ದನ್ನು ಒಳಗಿನಿಂದಲೇ ಹಿಡಿದವರು ಅವರು. ಅಂಥ ಸದ್ದಿಗೂ ಕ್ಯಾಪ್ಷನ್‌ನಲ್ಲಿ ಒಂದೇ ಸಾಲು, ಸೆಲರಿ ದಂಟಿಗೂ ಒಂದೇ ಸಾಲು. ಅಸಲಿ ಯಾವುದು, ಮಾಡಿದ್ದು ಯಾವುದು ಎಂದು ಕ್ಯಾಪ್ಷನ್ ಹೇಳುವುದೇ ಇಲ್ಲ. ಇದು ನನ್ನ ಮೊದಲ ದೂರು. ಒಂದು ಚಿಕ್ಕ ನಕ್ಷತ್ರ ಹಾಕಿದರೆ ಸಾಕಿತ್ತು. ಮಗ ಅನ್ನುತ್ತಾನೆ, ಹಾಗೆ ಮಾಡಿದರೆ ಪರದೆ ತುಂಬಾ ನಕ್ಷತ್ರವೇ ಆಗುತ್ತೆ, ರಾತ್ರಿ ಆಕಾಶದ ಸಾಕ್ಷ್ಯಚಿತ್ರ ಅಂದ್ಕೋತಾರೆ ಅಂತ.

ಸದ್ದಷ್ಟೇ ಅಲ್ಲ, ಕೆಲವೊಮ್ಮೆ ಜಾಗವೇ ಬೇರೆ ಇರುತ್ತದೆ. ಬಿಬಿಸಿಯ 2011ರ ಫ್ರೋಜನ್ ಪ್ಲಾನೆಟ್ ಸರಣಿಯಲ್ಲಿ ಹಿಮಕರಡಿ ಮರಿಗಳು ಹುಟ್ಟುವ ದೃಶ್ಯವನ್ನು ತೆಗೆದದ್ದು ನೆದರ್‌ಲೆಂಡ್ಸ್‌ನ ಒಂದು ಮೃಗಾಲಯದಲ್ಲಿ. ಪತ್ರಿಕೆಗಳು ಗಲಾಟೆ ಮಾಡಿದವು. ಹಿಮದ ಗುಹೆಯೊಳಗೆ ಕ್ಯಾಮೆರಾ ಇಡಲು ಹೋದರೆ ತಾಯಿ ಮರಿಗಳನ್ನು ಬಿಟ್ಟು ಹೋಗಬಹುದು, ಇಲ್ಲವೇ ಕ್ಯಾಮೆರಾದವನನ್ನೇ ಮುಗಿಸಬಹುದು. ಹಾಗಾಗಿ ನಾನು ಇದನ್ನು ಕ್ಷಮಿಸುತ್ತೇನೆ. ಕ್ಷಮಿಸಲಾಗದ್ದು 1958ರ ಡಿಸ್ನಿ ಚಿತ್ರ ವೈಟ್ ವೈಲ್ಡರ್‌ನೆಸ್. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಸಾಲುಸಾಲಾಗಿ ಬಂಡೆಯಿಂದ ನೀರಿಗೆ ಹಾರಿ ಸಾಯುತ್ತವೆ ಎಂದು ಅದು ತೋರಿಸಿತು. ಅವುಗಳನ್ನು ಬೇರೆ ಕಡೆಯಿಂದ ತಂದು, ಚಿತ್ರ ತೆಗೆಯುವವರೇ ಬಂಡೆಯಿಂದ ತಳ್ಳಿದ್ದರು ಎಂದು ಕೆನಡಾದ ಟೀವಿ ಕಾರ್ಯಕ್ರಮವೊಂದು 1980ರ ದಶಕದಲ್ಲಿ ಬಯಲು ಮಾಡಿತು. ಆ ಚಿತ್ರಕ್ಕೂ ಆಸ್ಕರ್ ಬಂದಿತ್ತು! ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ಇವತ್ತಿಗೂ ನಂಬುವವರಿದ್ದಾರೆ. ಒಂದು ಸುಳ್ಳು ದೃಶ್ಯ, ಅದಕ್ಕೊಬ್ಬ ಗಂಭೀರ ನಿರೂಪಕ. ಒಂದಿಡೀ ಪ್ರಾಣಿಜಾತಿಯ ಹೆಸರು ಕೆಡಲು ಅದೂ ಕಾರಣವಾಯಿತು.

ಎರಡನೇ ದೂರು ನನ್ನ ದೊಡ್ಡ ದೂರು. ಹಕ್ಕಿಗೆ ಹೆಸರಿಲ್ಲ.

ಯಾವುದೋ ಸಿನಿಮಾದಲ್ಲಿ ಕಾರಿನ ರೇಡಿಯೋದಿಂದ ಅರ್ಧ ಸಾಲು ಹಾಡು ಬಂದರೂ ಕ್ಯಾಪ್ಷನ್‌ನಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು ಎರಡೂ ಬರುವುದುಂಟು. ವನ್ಯಜೀವಿ ಚಿತ್ರದಲ್ಲಿ ಬೆಳಗಿನ ಕಾಡಿನ ತುಂಬ ಹಾಡಿದರೂ [ಹಕ್ಕಿಗಳ ಚಿಲಿಪಿಲಿ]. ಮಧ್ಯಾಹ್ನವೂ ಚಿಲಿಪಿಲಿ. ಮರಕುಟಿಗ ಕುಟ್ಟಿದರೂ, ಹದ್ದು ಕಿರುಚಿದರೂ, ಗೂಬೆ ಗುಮ್ಮೆಂದರೂ ಹಕ್ಕಿ ಅಂದರೆ ಹಕ್ಕಿ, ಅಷ್ಟೇ. ಕಪ್ಪೆಗಳ ಪಾಡಂತೂ ಕೇಳಬೇಡಿ. ತೇಜಸ್ವಿಯವರನ್ನು ಓದಿ ಬೆಳೆದವರು ನಾವು. ಹಕ್ಕಿಯೊಂದನ್ನು ಸುಮ್ನೆ ‘ಹಕ್ಕಿ’ ಅಂತ ಬರೆದು ಕೈ ತೊಳೆದುಕೊಳ್ಳುವುದು ಪ್ರಕೃತಿ ಬರವಣಿಗೆ ಅಲ್ಲ ಎಂದು ನಮಗೆ ಚಿಕ್ಕಂದಿನಲ್ಲೇ ಗೊತ್ತಾಗಿದೆ. ಕ್ಯಾಪ್ಷನ್ ಕೂಡ ಒಂದು ಬರವಣಿಗೆ ತಾನೆ?

ಜಾಗ ಸಾಲದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ನೆಟ್‌ಫ್ಲಿಕ್ಸ್ ತನ್ನ ಇಂಗ್ಲಿಷ್ ಕ್ಯಾಪ್ಷನ್ ಬರೆಯುವವರಿಗೆ ಕೊಟ್ಟ ನಿಯಮದ ಪ್ರಕಾರ ಒಂದು ಸಾಲಿಗೆ 42 ಅಕ್ಷರ, ಒಂದು ಸಲಕ್ಕೆ ಎರಡು ಸಾಲು. ಮರಕುಟಿಗ ಎಂದು ಬರೆಯಲು 42 ಅಕ್ಷರ ಬೇಡ. ಗೊತ್ತಿಲ್ಲದಿರಬಹುದು ಅನ್ನೋಣವೆಂದರೆ ಅದೂ ಅಲ್ಲ. ಇಂಥ ಚಿತ್ರ ಮಾಡುವಾಗ ಹಕ್ಕಿ ಬಲ್ಲವರು ಜೊತೆಗಿರುತ್ತಾರೆ, ಧ್ವನಿ ಸಂಗ್ರಹದಿಂದ ಸದ್ದು ತೆಗೆಯುವಾಗ ಅದರ ಮೇಲೆ ಹೆಸರೂ ಇರುತ್ತದೆ. ಆ ಹೆಸರು ಕ್ಯಾಪ್ಷನ್ ಬರೆಯುವವರ ಮೇಜಿಗೆ ಬರುವುದಿಲ್ಲ, ಅಷ್ಟೇ. ಕಾಡಿನ ಹಕ್ಕಿಗಳನ್ನು ಉಳಿಸಿ ಎಂದು ಒಂದು ಗಂಟೆ ಹೇಳುವ ಚಿತ್ರ, ಹಾಡುತ್ತಿರುವ ಹಕ್ಕಿಯ ಹೆಸರನ್ನು ಹೇಳಬಾರದೇ?

ಚಿಕ್ಕಪುಟ್ಟ ದೂರುಗಳೂ ಇವೆ. ಪೊದೆ ಅಲುಗುವ ಮೊದಲೇ [ಹುಲಿ ಗುರ್ ಎನ್ನುತ್ತದೆ] ಎಂದು ಬಂದರೆ ಮುಂದೆ ನೋಡುವುದೇನು? ನೀರೊಳಗಿನ ದೃಶ್ಯದಲ್ಲಿ ತಳದಲ್ಲೇ ಎಲ್ಲ ನಡೆಯುತ್ತಿರುತ್ತದೆ, ಆಕ್ಟೋಪಸ್ ಬಣ್ಣ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಅದರ ಮೇಲೆ ಕಪ್ಪು ಪಟ್ಟಿ ಕೂರುತ್ತದೆ. ಬಿಳಿ ಅಕ್ಷರ ಹಿಮದ ಮೇಲೆ ಕಾಣುವುದಿಲ್ಲ. ಧ್ರುವಪ್ರದೇಶದ ಕಂತುಗಳನ್ನು ನೋಡುವವರಿಗೆ ಇದು ಗೊತ್ತಿರುತ್ತದೆ.

ಯಂತ್ರ ತಾನಾಗಿ ಬರೆಯುವ ಕ್ಯಾಪ್ಷನ್ ಬಗ್ಗೆ ಒಂದು ಮಾತು. ಹವ್ಯಾಸಿಗಳು ಕಾಡಿನ ವಿಡಿಯೋ ಮಾಡಿ ಹಾಕುತ್ತಾರಲ್ಲ, ಅಲ್ಲಿ ಬರುವುದು ಇದು. ಮಳೆ ಸುರಿಯುತ್ತಿದೆ, ಕೆಳಗೆ [ಚಪ್ಪಾಳೆ]. ಜಲಪಾತ, ಮತ್ತೆ [ಚಪ್ಪಾಳೆ]. ಕಪ್ಪೆಗಳ ಗುಂಪು, [ಸಂಗೀತ]. ನಾನು ಮೊದಲು ಕೋಪ ಮಾಡಿಕೊಂಡೆ. ಈಗ ಮಳೆಗೆ ಚಪ್ಪಾಳೆ ಬಿದ್ದಾಗೆಲ್ಲ ಖುಷಿಯಾಗುತ್ತದೆ. ಕೆಲಸಕ್ಕೆ ಮಾತ್ರ ಬಾರದು.

ಸಮುದ್ರದ ಚಿತ್ರಗಳಲ್ಲಿ ಕ್ಯಾಪ್ಷನ್ ಬೇರೆಯೇ ಥರ ಬೇಕಾಗುತ್ತದೆ. ಫ್ರಾನ್ಸಿನ ಸಮುದ್ರ ಶೋಧಕ ಕೂಸ್ತೋ ಅವರ ಪ್ರಸಿದ್ಧ ಚಿತ್ರ 1956ರಲ್ಲಿ ಬಂದಾಗ ಅದರ ಹೆಸರೇ ‘ಮೌನ ಜಗತ್ತು’ ಎಂದಿತ್ತು. ಸಮುದ್ರ ಮೌನವಾಗಿಲ್ಲ. ಬೆಚ್ಚಗಿನ ಸಮುದ್ರದ ತೀರದಲ್ಲಿ ಚಿಟಿಕೆ ಹೊಡೆಯುವ ಒಂದು ಬಗೆಯ ಸೀಗಡಿಗಳಿವೆ. ಕೊಂಡಿಯನ್ನು ಫಟ್ಟನೆ ಮುಚ್ಚುತ್ತವೆ. ಆಗ ನೀರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತದೆ, ಸದ್ದು ಬರುವುದು ಅದರಿಂದ. ಸಾವಿರಾರು ಸೇರಿದರೆ ಒಗ್ಗರಣೆಯ ಚಟಪಟ. ತಿಮಿಂಗಿಲದ ವಿಷಯ ಎಲ್ಲರಿಗೂ ಗೊತ್ತು, ಆದರೆ ಅದು ಗೊತ್ತಾದದ್ದು ಹೇಗೆ? 1970ರಲ್ಲಿ ರೋಜರ್ ಪೇನ್ ಎಂಬ ವಿಜ್ಞಾನಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡಿನ ಧ್ವನಿಮುದ್ರಿಕೆ ಹೊರತಂದರು. ಜನ ಅದನ್ನು ಕೊಂಡು ಮನೆಯಲ್ಲಿ ಹಾಕಿ ಕೇಳಿದರು. ತಿಮಿಂಗಿಲ ಉಳಿಸಿ ಎಂಬ ಚಳವಳಿಗೆ ಅದು ದೊಡ್ಡ ಬಲವಾಯಿತು. ವ್ಯಾಪಾರಕ್ಕಾಗಿ ತಿಮಿಂಗಿಲ ಕೊಲ್ಲುವುದನ್ನು ನಿಲ್ಲಿಸಲು ಅಂತರರಾಷ್ಟ್ರೀಯ ಆಯೋಗ 1982ರಲ್ಲಿ ತೀರ್ಮಾನಿಸಿತು. 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿಟ್ಟ ಧ್ವನಿಮುದ್ರಿಕೆಯ ತಟ್ಟೆಯಲ್ಲೂ ಆ ಹಾಡಿದೆ. ಪರಿಸರದ ಕಥೆಯಲ್ಲಿ ಚಿತ್ರಕ್ಕಿಂತ ಮೊದಲು ಸದ್ದು ಗೆದ್ದ ಪ್ರಸಂಗ ಇದು. ಆ ಹಾಡಿನಲ್ಲಿ ಒಂದೇ ತುಣುಕು ಮರಳಿ ಮರಳಿ ಬರುತ್ತದೆ, ನಿಧಾನವಾಗಿ ಬದಲಾಗುತ್ತದೆ, ಪ್ರಾಸ ಇದ್ದಂತಿದೆ ಎಂದು ಓದಿದ್ದೇನೆ. ಕ್ಯಾಪ್ಷನ್ ಕೊಡುವುದು ಇಷ್ಟೇ: [ತಿಮಿಂಗಿಲದ ಹಾಡು]. ಏರಿತಾ, ಇಳಿಯಿತಾ, ಮುಗಿಯಿತಾ? ವಯಲಿನ್‌ಗೆ ಮೃದು, ಬಿರುಸು, ವಿಷಾದ ಎಂದೆಲ್ಲ ವಿಶೇಷಣ ಸಿಗುತ್ತದೆ, ತಿಮಿಂಗಿಲಕ್ಕೆ ಒಂದೂ ಇಲ್ಲ.

ಇಲ್ಲಿ ನನಗೊಂದು ಪುಸ್ತಕ ನೆನಪಾಗದೆ ಇರುವುದಿಲ್ಲ. ರೇಚಲ್ ಕಾರ್ಸನ್ 1962ರಲ್ಲಿ ಬರೆದ ‘ಸೈಲೆಂಟ್ ಸ್ಪ್ರಿಂಗ್’. ಡಿಡಿಟಿಯಂಥ ಕೀಟನಾಶಕಗಳು ಹುಳುವಿನಿಂದ ಹಕ್ಕಿಗೆ ಹೋಗಿ, ಹಕ್ಕಿಗಳಿಲ್ಲದ ವಸಂತ ಬರುತ್ತದೆ ಎಂದು ಎಚ್ಚರಿಸಿದ ಪುಸ್ತಕ. ಹತ್ತು ವರ್ಷದ ಮೇಲೆ ಅಮೆರಿಕದಲ್ಲಿ ಬೆಳೆಗಳಿಗೆ ಡಿಡಿಟಿ ಹಾಕುವುದಕ್ಕೆ ನಿಷೇಧ ಬಂತು. ಆ ಪುಸ್ತಕದ ಭಯವೆಲ್ಲ ಇರುವುದು ಒಂದು ಬೆಳಗ್ಗೆ ಎದ್ದರೆ ಏನೂ ಕೇಳಿಸದು ಅನ್ನುವುದರಲ್ಲಿ. ನನಗೆ ದಿನಾ ಬೆಳಗ್ಗೆ ಹಾಗೇ ಇರುತ್ತದೆ! ಹಕ್ಕಿ ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ಮರದ ಕಡೆ ನೋಡಬೇಕು. ಪುಸ್ತಕದ ತಕರಾರು ತೆಗೆಯುತ್ತಿಲ್ಲ. ಕಿವಿ ಇಲ್ಲದವರಿಗೆ ಆ ಎಚ್ಚರಿಕೆ ಮುಟ್ಟಿಸಲು ಬೇರೆ ದಾರಿ ಬೇಕು ಅನ್ನುತ್ತಿದ್ದೇನೆ.

ದಾರಿ ಇದೆ. ಬರ್ನಿ ಕ್ರೌಸ್ ಎಂಬ ಅಮೆರಿಕದ ಧ್ವನಿಗ್ರಾಹಕರು 1988ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟದ ಲಿಂಕನ್ ಮೆಡೋ ಎಂಬಲ್ಲಿ ಬೆಳಗಿನ ಸದ್ದು ಹಿಡಿದಿಟ್ಟರು. ಆಮೇಲೆ ಅಲ್ಲಿ ಆಯ್ದ ಮರಗಳನ್ನು ಕಡಿದರು. ಕಾಡಿಗೆ ಏನೂ ಆಗುವುದಿಲ್ಲ ಎಂಬ ಭರವಸೆ ಕೊಟ್ಟೇ ಕಡಿದದ್ದು. ಮರುವರ್ಷ ಅವರು ಹೋಗಿ ನೋಡಿದರೆ ಫೋಟೋದಲ್ಲಿ ವ್ಯತ್ಯಾಸವೇ ಇಲ್ಲ. ಸದ್ದು ಮಾತ್ರ ಹೆಚ್ಚುಕಡಿಮೆ ಖಾಲಿ. ನೀರಿನ ಸದ್ದು, ಒಂದು ಮರಕುಟಿಗ. ಇದನ್ನು ಅವರು ತೋರಿಸಿದ್ದು ಸ್ಪೆಕ್ಟ್ರೋಗ್ರಾಂನಲ್ಲಿ, ಅಂದರೆ ಸದ್ದಿನ ಚಿತ್ರದಲ್ಲಿ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಮೊದಲನೆಯದರಲ್ಲಿ ಮೇಲಿನ ಭಾಗವೆಲ್ಲ ಗೀಚು, ಚುಕ್ಕಿ, ಕೊಕ್ಕೆ. ಎರಡನೆಯದರಲ್ಲಿ ಬೋಳು. ಕಣ್ಣಿಗೆ ಮೋಸ ಮಾಡಿದ ಕಾಡು ಸದ್ದಿನಲ್ಲಿ ಸಿಕ್ಕಿಬಿತ್ತು, ಆ ಸದ್ದನ್ನು ನಾನು ಕಣ್ಣಿನಲ್ಲೇ ಓದಿದೆ. ನನಗೆ ಬಹಳ ದಿನಗಳಲ್ಲಿ ಅಷ್ಟು ಸಂತೋಷವಾಗಿರಲಿಲ್ಲ. ಸಂತೋಷಪಡುವ ಚಿತ್ರ ಅಲ್ಲ ಅದು, ಬಿಡಿ.

ನನ್ನ ಕೋರಿಕೆ ಇದೇ. ಪರದೆಯ ಬುಡದಲ್ಲಿ ಎರಡು ಸಾಲಿನ ಜೊತೆ ಇಂಥದ್ದೊಂದು ತೆಳು ಪಟ್ಟಿ ಓಡಲಿ, ಬೇಕಾದವರು ಹಾಕಿಕೊಳ್ಳಲಿ. ತಿಮಿಂಗಿಲದ ಹಾಡು ಏರುವುದೂ ಇಳಿಯುವುದೂ ಕಾಣುತ್ತದೆ. ಬೆಳಗಿನ ಕಾಡು ಎಷ್ಟು ಗಿಜಿಗುಟ್ಟುತ್ತದೆ ಎಂದು ಕಾಣುತ್ತದೆ. ‘ಚಿಲಿಪಿಲಿ’ ಬರೆಯುವ ಶ್ರಮವೂ ಉಳಿಯುತ್ತದೆ.

ಹೊಗಳಿಕೆಗೂ ಸ್ವಲ್ಪ ಜಾಗ ಕೊಡಬೇಕಲ್ಲ. ಡೇವಿಡ್ ಅಟೆನ್‌ಬರೋ ಅವರ ನಿರೂಪಣೆ ಓದುಗರಿಗೆ ಬಹಳ ಅನುಕೂಲ. ವಾಕ್ಯ ಚಿಕ್ಕದು, ಆಮೇಲೆ ಉದ್ದ ಬಿಡುವು. ಓದಿ ಮುಗಿಸಿ ಪ್ರಾಣಿ ನೋಡಲು ಸಮಯ ಸಿಗುತ್ತದೆ. 1979ರ ಲೈಫ್ ಆನ್ ಅರ್ಥ್ ಸರಣಿಯಿಂದಲೂ ಅದೇ ಹದ. ನಟರು ನಿರೂಪಿಸುವ ಈಚಿನ ಎಷ್ಟೋ ಸರಣಿಗಳಲ್ಲಿ ಉಸಿರಾಡಲೂ ಬಿಡುವುದಿಲ್ಲ. ಮಾತು, ಜೋಕು, ಮತ್ತೆ ಮಾತು. ಆ ಸರಣಿಗಳನ್ನು ನಾನು ಪೂರ್ತಿ ಓದಿದ್ದೇನೆ, ಅರ್ಧ ಮಾತ್ರ ನೋಡಿದ್ದೇನೆ.

ನಿರೂಪಣೆಯೇ ಇಲ್ಲದ ಚಿತ್ರಗಳಲ್ಲಿ ಕ್ಯಾಪ್ಷನ್‌ಗೆ ಅದರ ನಿಜವಾದ ಕೆಲಸ ಸಿಗುತ್ತದೆ. ವಿಕ್ಟರ್ ಕೊಸಕೋವ್ಸ್ಕಿ ಅವರ 2020ರ ಚಿತ್ರ ‘ಗುಂಡಾ’. ಹೆಸರು ನೋಡಿ ರೌಡಿಗಳ ಸಿನಿಮಾ ಅಂದುಕೊಳ್ಳಬೇಡಿ, ಅದೊಂದು ಹೆಣ್ಣು ಹಂದಿ. ಕಪ್ಪು ಬಿಳುಪು. ಮಾತಿಲ್ಲ, ಸಂಗೀತವೂ ಇಲ್ಲ. ಕೊಟ್ಟಿಗೆಯ ಬಾಗಿಲು, ಮರಿಗಳು, ಒಂಟಿ ಕಾಲಿನ ಕೋಳಿ, ನೊಣ ಓಡಿಸುವ ದನಗಳು. ಯಾರ ಪರ ನಿಲ್ಲಬೇಕು ಎಂದು ಹೇಳಿಕೊಡಲು ವಯಲಿನ್ ಇಲ್ಲದ ಕಾರಣ ಕೆಳಗಿನ ಸಾಲಿಗೆ ಉಳಿಯುವುದು ಗುರುಗುಟ್ಟುವುದು, ಹುಲ್ಲು, ರೆಕ್ಕೆ, ನೊಣ, ಕೊನೆಗೆ ಒಂದು ಟ್ರ್ಯಾಕ್ಟರ್. ಆ ಟ್ರ್ಯಾಕ್ಟರ್ ಮರಿಗಳನ್ನು ಒಯ್ದ ಮೇಲೆ ತಾಯಿ ಹಂದಿ ಆಚೆಯಿಂದ ಈಚೆಗೆ ಓಡಾಡುತ್ತದೆ. ಆಗ ಮತ್ತೆ ಬರುವುದು ಅದೇ ಗುರುಗುಟ್ಟುವಿಕೆ. ವಿಷಾದ ಎಂದು ಯಾರೂ ಬರೆಯಬೇಕಾಗಿಲ್ಲ. ಕೀಟಗಳ ಬಗ್ಗೆ 1996ರಲ್ಲಿ ಬಂದ ಫ್ರೆಂಚ್ ಚಿತ್ರ ‘ಮೈಕ್ರೋಕಾಸ್ಮೋಸ್’ ಕೂಡ ಹೆಚ್ಚುಕಡಿಮೆ ಮಾತಿಲ್ಲದ್ದೇ. ಅದರಲ್ಲಿ ಸಂಗೀತ ಉಂಟು, ಬಸವನಹುಳುಗಳ ಪ್ರಣಯಕ್ಕೆ ಒಪೆರಾ ಥರದ ಹಾಡೇ ಇದೆ. ಸ್ವಲ್ಪ ಜಾಸ್ತಿಯಾಯಿತು, ಆದರೆ ತಮಾಷೆ ಎಂದು ಬಿಟ್ಟಿದ್ದೇನೆ.

ಅಂಕ ಕೊಡು ಅಂದರೆ ನಿರೂಪಣೆಯನ್ನು ಮುಟ್ಟಿಸುವುದಕ್ಕೆ ಐದಕ್ಕೆ ನಾಲ್ಕೂವರೆ. ಸಂಗೀತದ ಗುಟ್ಟು ಹೇಳುವುದಕ್ಕೆ ಐದಕ್ಕೆ ಐದು, ಅವರು ಬೇಕೆಂದು ಹೇಳುತ್ತಿಲ್ಲವಾದರೂ. ಪ್ರಾಣಿ ಪಕ್ಷಿಗಳ ಸದ್ದಿಗೆ ಎರಡು. ಆ ಎರಡರಲ್ಲಿ ಒಂದು ಗೂಬೆಗೆ. ಅದನ್ನು ನಾನೇ ಕೇಳಿಸಿಕೊಂಡು ಗುರುತಿಸಿದ್ದು, ಆದರೂ ಕೊಟ್ಟಿದ್ದೇನೆ.

ಹಾಕಿಕೊಂಡು ನೋಡುವವರಿಗೆ ಒಂದೆರಡು ಸಲಹೆ. ಅಕ್ಷರ ಮಧ್ಯಮ ಗಾತ್ರ ಇರಲಿ, ದೊಡ್ಡದು ಮಾಡಿದರೆ ಪ್ರಾಣಿಯ ಕಾಲು ಹೋಗುತ್ತದೆ. ಬಣ್ಣ ಹಳದಿ, ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ. ಹಿಮದಲ್ಲೂ ಕಾಣುತ್ತದೆ, ನೀರಲ್ಲೂ ಕಾಣುತ್ತದೆ. ಸಾಲನ್ನು ಪರದೆಯ ಮೇಲ್ಭಾಗಕ್ಕೆ ಸರಿಸುವ ಆಯ್ಕೆ ನಿಮ್ಮ ಟೀವಿಯಲ್ಲಿದ್ದರೆ ಸಮುದ್ರದ ಕಂತುಗಳಿಗೆ ಸರಿಸಿಕೊಳ್ಳಿ. ಕಿವಿ ಚೆನ್ನಾಗಿರುವವರು ಮೊದಲ ಸಲ ಕ್ಯಾಪ್ಷನ್ ಇಲ್ಲದೆಯೇ ನೋಡಿ, ನನ್ನ ಮಗನ ಥರ ಮಜಾ ಕೆಡಿಸಿಕೊಳ್ಳಬೇಡಿ. ಎರಡನೇ ಸಲ ದನಿ ಮುಚ್ಚಿ ಓದಿ. ಶುರುಮಾಡುವುದಕ್ಕೆ ಯಾವುದಾದರೂ ಬೇಟೆಯ ಕಂತು ಒಳ್ಳೆಯದು. ‘ಗುಂಡಾ’ ಮೊದಲೇ ಬೇಡ, ಸಾಲಿಗಾಗಿ ಕಾದು ಕಾದು ನಿದ್ದೆ ಬರುತ್ತದೆ.